ಎರಡು ಚುನಾವಣೆಗಳ ನಡುವೆ: ಹರವೆಯ ಮತದಾರರು ಲೆಕ್ಕ ಕೇಳುವ ದಾರಿಗಳು

ಜನಪ್ರತಿನಿಧಿಯ ಹೊಣೆಗಾರಿಕೆ ಎಂದರೆ ಉತ್ತರ ಕೊಡುವ ಬಾಧ್ಯತೆ. ಕೈಗೆ ಬಂದ ಅಧಿಕಾರವನ್ನೂ ಹಣವನ್ನೂ ಹೇಗೆ ಬಳಸಿದರು, ಮಾಡಬೇಕಾದ ಕೆಲಸವನ್ನು ಏಕೆ ಮಾಡಲಿಲ್ಲ ಎಂಬುದನ್ನು ಆರಿಸಿ ಕಳಿಸಿದವರ ಮುಂದೆ ಅವರು ಹೇಳಬೇಕು. ಚುನಾವಣೆ ಅದರ ಒಂದು ಘಟ್ಟ ಮಾತ್ರ. ಮತಗಟ್ಟೆಯಲ್ಲಿ ಮತದಾರ ಒಬ್ಬರನ್ನು ಒಪ್ಪಬಹುದು, ಇಲ್ಲವೇ ಬೇಡವೆನ್ನಬಹುದು. ಯಾವ ರಸ್ತೆ, ಯಾವ ಕೆರೆ, ಯಾವ ಬಿಲ್ಲು ಎಂದು ಅಲ್ಲಿ ಕೇಳಲಾಗದು. ಆ ಪ್ರಶ್ನೆಗಳನ್ನೆಲ್ಲ ಕೇಳಬೇಕಾದದ್ದು ಮುಂದಿನ ಐದು ವರ್ಷಗಳಲ್ಲಿ. ಕರ್ನಾಟಕದ ಕಾನೂನುಗಳು ಅದಕ್ಕೆ ಸಾಕಷ್ಟು ಅವಕಾಶ ಮಾಡಿಕೊಟ್ಟಿವೆ. ಆದರೆ ಯಾವ ಪ್ರಶ್ನೆಯನ್ನು ಯಾರ ಮುಂದೆ, ಯಾವಾಗ, ಯಾವ ರೂಪದಲ್ಲಿ ಇಡಬೇಕೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಎಷ್ಟೋ ಸಿಟ್ಟು ಟೀ ಅಂಗಡಿಯಲ್ಲೇ ಕರಗಿಹೋಗುತ್ತದೆ.

ಹರವೆಯನ್ನೇ ನೋಡಬಹುದು. ಹರವೆ ಒಂದು ಹೋಬಳಿ ಕೇಂದ್ರ. ಕಂದಾಯ ಆಡಳಿತದಲ್ಲಿ ಅದು ಚಾಮರಾಜನಗರ ತಾಲ್ಲೂಕಿಗೆ ಸೇರಿದೆ, ವಿಧಾನಸಭೆಯ ಓಟು ಮಾತ್ರ ಗುಂಡ್ಲುಪೇಟೆ ಕ್ಷೇತ್ರಕ್ಕೆ. ಲೋಕಸಭೆಗೆ ಅದು ಚಾಮರಾಜನಗರ ಮೀಸಲು ಕ್ಷೇತ್ರದಲ್ಲಿದೆ. ಆ ಕ್ಷೇತ್ರ ಚಾಮರಾಜನಗರ ಜಿಲ್ಲೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಮೈಸೂರು ಜಿಲ್ಲೆಯ ನಂಜನಗೂಡು, ವರುಣ, ತಿ. ನರಸೀಪುರ, ಎಚ್.ಡಿ. ಕೋಟೆಯವರೆಗೂ ಹರಡಿದೆ. ಪಹಣಿ ತಿದ್ದುಪಡಿಗೆ ತಹಶೀಲ್ದಾರರನ್ನು ಕಾಣಬೇಕಾದವರು ಚಾಮರಾಜನಗರದ ಬಸ್ಸು ಹತ್ತುತ್ತಾರೆ, ಶಾಸಕರನ್ನು ಕಾಣಬೇಕಾದವರು ಗುಂಡ್ಲುಪೇಟೆಯದ್ದು. ಅಧಿಕಾರಿಗಳು ಒಂದು ಊರಿನಲ್ಲಿ, ಅವರನ್ನು ಪ್ರಶ್ನಿಸಬೇಕಾದ ಶಾಸಕರು ಇನ್ನೊಂದು ಊರಿನಲ್ಲಿ. ಇಂಥ ಗಡಿ ಹೋಬಳಿಗಳ ಅರ್ಜಿ ಎರಡು ಕಚೇರಿಗಳ ನಡುವೆ ಓಡಾಡುತ್ತಲೇ ಹಳತಾಗುವ ಅಪಾಯ ಹೆಚ್ಚು. ಹಾಗಾಗಿ ಇಲ್ಲಿನವರು ಅರ್ಜಿಯನ್ನು ಒಂದೇ ದಿನ ಎರಡೂ ಕಡೆಗೆ ಕೊಟ್ಟು, ಎರಡೂ ಕಡೆ ದಿನಾಂಕದ ಮೊಹರು ಹಾಕಿಸಿಕೊಳ್ಳುವುದೇ ಸರಿಯಾದ ಕ್ರಮ.

ಮೊದಲು ತಿಳಿಯಬೇಕಾದದ್ದು ಯಾವ ಕೆಲಸ ಯಾರದ್ದು ಎಂಬುದು. ಬೀದಿ ದೀಪ, ಚರಂಡಿ, ಊರೊಳಗಿನ ರಸ್ತೆ, ನಲ್ಲಿ ನೀರು, ಮನೆ ಹಂಚಿಕೆಯ ಪಟ್ಟಿ ಇವೆಲ್ಲ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಬರುತ್ತವೆ. ಕೆರೆ ತುಂಬಿಸುವ ಕೆಲಸ ಹಾಗಲ್ಲ. ಮಳೆಯನ್ನೇ ನಂಬಿ ಅರಿಸಿನ, ಸಣ್ಣ ಈರುಳ್ಳಿ ಬೆಳೆಯುವ ಈ ಭಾಗಕ್ಕೆ ಕೆರೆಯೇ ಜೀವ. ಕೆರೆಯಲ್ಲಿ ನೀರಿದ್ದರೆ ಸುತ್ತಲಿನ ಕೊಳವೆಬಾವಿಗಳೂ ಉಸಿರಾಡುತ್ತವೆ. ಕಬಿನಿ ನೀರನ್ನು ನಂಜನಗೂಡು ತಾಲ್ಲೂಕಿನ ಆಲಂಬೂರಿನಿಂದ ಎತ್ತಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕೆರೆಗಳಿಗೆ ಹರಿಸುವ ಏತ ನೀರಾವರಿ ಯೋಜನೆ ರಾಜ್ಯ ಸರ್ಕಾರದ್ದು. ಪೈಪು ಎಲ್ಲಿಯವರೆಗೆ ಬಂದಿದೆ, ಪಂಪು ಏಕೆ ನಿಂತಿದೆ, ಈ ವರ್ಷ ಯಾವ ಕೆರೆಗೆ ಎಷ್ಟು ನೀರು ಎಂದು ಪಂಚಾಯಿತಿ ಸದಸ್ಯರನ್ನು ಗದರಿಸಿ ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ. ಆ ಪ್ರಶ್ನೆ ಶಾಸಕರ ಮೂಲಕ ವಿಧಾನಸಭೆಗೆ, ಮಾಹಿತಿ ಹಕ್ಕಿನ ಮೂಲಕ ನೀರಾವರಿ ಇಲಾಖೆಗೆ ಹೋಗಬೇಕು. ಗ್ರಾಮಸಭೆ ಅದರ ಬಗ್ಗೆ ನಿರ್ಣಯ ಮಾಡಬಹುದು. ಆ ನಿರ್ಣಯದ ಪ್ರತಿಯನ್ನು ಲಗತ್ತಿಸಿದರೆ ಶಾಸಕರಿಗೆ ಕೊಡುವ ಅರ್ಜಿಯ ತೂಕ ಹೆಚ್ಚುತ್ತದೆ.

ಗ್ರಾಮಸಭೆ

ಹಳ್ಳಿಯ ಜನ ತಮ್ಮ ಪ್ರತಿನಿಧಿಯನ್ನು ಊರಿನಲ್ಲೇ ಕೂರಿಸಿಕೊಂಡು ಪ್ರಶ್ನಿಸುವ ಏರ್ಪಾಡು ಕರ್ನಾಟಕದಲ್ಲಿ ಗಟ್ಟಿಯಾದದ್ದು ಗುಂಡ್ಲುಪೇಟೆಯವರೇ ಆದ ಒಬ್ಬ ಮಂತ್ರಿಯಿಂದ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. ಅವರ ಇನ್ನೂ ದೊಡ್ಡ ಕೆಲಸ 1983ರ ಪಂಚಾಯತಿ ಕಾಯ್ದೆ. ರಾಷ್ಟ್ರಪತಿಗಳ ಅಂಕಿತ ಸಿಗಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಸ್ಥಾನ ಕಾದಿರಿಸಿದ ಆ ಕಾಯ್ದೆಯಲ್ಲಿ ಗ್ರಾಮಸಭೆಗೂ ಜಾಗವಿತ್ತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪಂಚಾಯಿತಿಗಳ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ. ಅದು ಜಾರಿಯಾದದ್ದು 1993ರ ಏಪ್ರಿಲ್ 24ರಂದು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ನೀಡುವ ರಾಜ್ಯ ಸಂಸ್ಥೆಗೆ ಇಂದೂ ನಜೀರ್ ಸಾಬ್ ಅವರ ಹೆಸರೇ ಇದೆ.

ಈಗ ಜಾರಿಯಲ್ಲಿರುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಅದರ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಅದಕ್ಕೂ ಮುಂಚೆ ಪ್ರತಿ ವಾರ್ಡಿನಲ್ಲಿ ವಾರ್ಡ್ ಸಭೆ ನಡೆಯಬೇಕು. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಅಥವಾ 20 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಮತದಾರರಲ್ಲಿ ಶೇ 10 ಮಂದಿ ಸಹಿ ಹಾಕಿ, ಚರ್ಚಿಸಬೇಕಾದ ವಿಷಯ ಬರೆದು ಕೇಳಿದರೆ ವಿಶೇಷ ಗ್ರಾಮಸಭೆಯನ್ನೂ ಕರೆಯಬೇಕಾಗುತ್ತದೆ. ಈ ಕೊನೆಯ ಅವಕಾಶವನ್ನು ಬಳಸಿಕೊಂಡ ಊರುಗಳು ಬಹಳ ಕಡಿಮೆ, ಅದೊಂದು ನಷ್ಟವೇ ಸರಿ.

ಗ್ರಾಮಸಭೆ ಹೇಗೆ ನಡೆಯುತ್ತದೆಂದು ನೋಡಿದವರಿಗೆ ಗೊತ್ತು. ಶಾಲೆಯ ಆವರಣದಲ್ಲೋ ಸಮುದಾಯ ಭವನದಲ್ಲೋ ಶಾಮಿಯಾನ ಹಾಕಿರುತ್ತಾರೆ. ನೋಡಲ್ ಅಧಿಕಾರಿ ಬಂದಿರುತ್ತಾರೆ. ಕೃಷಿ, ತೋಟಗಾರಿಕೆ, ಪಶುಪಾಲನೆ, ಅಂಗನವಾಡಿ, ವಿದ್ಯುತ್ ಕಂಪನಿಯಾದ ಸೆಸ್ಕ್ ಹೀಗೆ ಒಂದೊಂದು ಇಲಾಖೆಯವರು ಎದ್ದು ತಮ್ಮ ಯೋಜನೆಗಳನ್ನು ಓದುತ್ತಾರೆ. ಮನೆ ಪಟ್ಟಿಯ ಮಾತು ಬಂದೊಡನೆ ಗದ್ದಲ ಎದ್ದು, ಅದು ಮುಗಿದ ಮೇಲೆ ಅರ್ಧ ಜನ ಎದ್ದು ಹೋಗುತ್ತಾರೆ. ಜಮಾ ಖರ್ಚಿನ ಲೆಕ್ಕ ಓದುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಉಳಿಯುವವರು ಕೆಲವೇ ಮಂದಿ. ಆದರೆ ಕಾಯ್ದೆ ಗ್ರಾಮಸಭೆಗೆ ಕೊಟ್ಟಿರುವ ನಿಜವಾದ ಬಲ ಇರುವುದು ಆ ಕೊನೆಯ ಭಾಗದಲ್ಲೇ. ಹಿಂದಿನ ವರ್ಷದ ಲೆಕ್ಕಪತ್ರ, ಆಡಳಿತ ವರದಿ, ಲೆಕ್ಕಪರಿಶೋಧಕರ ಆಕ್ಷೇಪಣೆಗಳು, ಅವುಗಳಿಗೆ ಪಂಚಾಯಿತಿ ಕೊಟ್ಟ ಉತ್ತರ ಇವೆಲ್ಲ ಗ್ರಾಮಸಭೆಯ ಮುಂದೆ ಬರಬೇಕು. ಲೆಕ್ಕಪರಿಶೋಧನೆಯ ಆಕ್ಷೇಪಣೆ ಎಂದರೆ ಸರ್ಕಾರದ್ದೇ ಲೆಕ್ಕಿಗರು ಹಿಡಿದು ತೋರಿಸಿದ ತಪ್ಪು. ಊರವರು ಅದನ್ನು ಹೊಸದಾಗಿ ಸಾಬೀತು ಮಾಡಬೇಕಾಗಿಲ್ಲ. ಎರಡು ವರ್ಷವಾದರೂ ಇದು ಏಕೆ ಇತ್ಯರ್ಥವಾಗಿಲ್ಲ ಎಂದಷ್ಟೇ ಕೇಳಿದರೆ ಸಾಕು.

ಕೇಳಿದ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಏರದಿದ್ದರೆ ಕೇಳಿದ್ದೂ ಒಂದೇ, ಕೇಳದಿದ್ದದ್ದೂ ಒಂದೇ. ಸಭೆ ಮುಗಿದ ಮೇಲೆ ಉಳಿಯುವುದು ಆ ಪುಸ್ತಕ ಮಾತ್ರ. ಹಾಗಾಗಿ ಪ್ರಶ್ನೆಯನ್ನು ಮೊದಲೇ ಬರೆದುಕೊಂಡು ಹೋಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಗೆ ಕೊಟ್ಟು, ಅದನ್ನೂ ಅಧ್ಯಕ್ಷರ ಉತ್ತರವನ್ನೂ ನಡಾವಳಿಯಲ್ಲಿ ಬರೆಸಿ, ಓದಿ ಹೇಳಲು ಕೇಳಬೇಕು. ಖಾಲಿ ಹಾಳೆಗೆ ಹಾಜರಾತಿಯ ಸಹಿ ಹಾಕಿ ಬರುವ ರೂಢಿ ಎಷ್ಟೋ ಊರುಗಳಲ್ಲಿದೆ. ನಡೆಯದ ಚರ್ಚೆಯೂ ಆಗದ ನಿರ್ಣಯವೂ ಆ ಸಹಿಗಳ ಮೇಲೆ ಕುಳಿತುಬಿಡುತ್ತವೆ. ಮುಂದಿನ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಹಿಂದಿನ ನಡಾವಳಿಯ ಮೇಲೆ ಏನು ಕ್ರಮ ಆಯಿತು ಎಂಬುದನ್ನು. ನಾಲ್ಕು ಸಭೆ ಬಿಡದೆ ಇದನ್ನು ಕೇಳಿದ ಊರಿನಲ್ಲಿ ಪಿಡಿಒ ಉತ್ತರ ಸಿದ್ಧ ಮಾಡಿಕೊಂಡೇ ಬರಬೇಕಾಗುತ್ತದೆ.

ಗ್ರಾಮಸಭೆಯ ಬೆನ್ನಿಗೆ ಜಮಾಬಂದಿ ಇದೆ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಒಂದು ತಿಂಗಳಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ಹಿಂದಿನ ಆರ್ಥಿಕ ವರ್ಷದ ಪುಸ್ತಕಗಳನ್ನು ಜನರ ಮುಂದೆ ಬಿಚ್ಚಿಡಬೇಕು. ಹೊರಗಿನಿಂದ ಬಂದ ಅಧಿಕಾರಿ ಲೆಕ್ಕ ನೋಡಿ, ಆಯ್ದ ಕಾಮಗಾರಿಗಳ ಸ್ಥಳಕ್ಕೂ ಹೋಗುತ್ತಾರೆ. ಊರವರು ಜೊತೆಗೆ ಹೋಗಬಹುದು. 2005ರ ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನೂ ಕಡ್ಡಾಯ ಮಾಡಿತು. ಅದರಲ್ಲಿ ಕೂಲಿ ಮಾಡಿದವರ ಹೆಸರು, ದಿನ, ಹಣ ಎಲ್ಲವನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಕೆಲಸಕ್ಕೆ ಹೋಗದವರ ಹೆಸರು ಅಲ್ಲಿ ಕೇಳಿಬಂದರೆ ಪಕ್ಕದ ಮನೆಯವರಿಗೆ ಗೊತ್ತಾಗದೆ ಇರುವುದಿಲ್ಲ. ಬೆಂಗಳೂರಿನ ಯಾವ ಲೆಕ್ಕಿಗರಿಗೂ ಇಲ್ಲದ ತಿಳಿವಳಿಕೆ ಅದು.

ಹತ್ತು ರೂಪಾಯಿಯ ಅರ್ಜಿ

ಮಾಹಿತಿ ಹಕ್ಕಿನ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ರಾಜ್ಯದ ಕಾಯ್ದೆ ಬಂದದ್ದು 2000ರಲ್ಲಿ, ಕೇಂದ್ರದ್ದು 2005ರ ಅಕ್ಟೋಬರ್ 12ರಿಂದ ಪೂರ್ಣ ಜಾರಿಗೆ ಬಂತು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳ ಒಳಗೆ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಅವರೇ ಮಾಹಿತಿ ಅಧಿಕಾರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಕಾರಣವಿಲ್ಲದೆ ಸತಾಯಿಸಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಊರಿನ ಒಂದು ಕಾಂಕ್ರೀಟ್ ರಸ್ತೆಯನ್ನೇ ತೆಗೆದುಕೊಳ್ಳೋಣ. ರಸ್ತೆ ಆರು ತಿಂಗಳಿಗೇ ಕಿತ್ತುಬಂದಿದೆ. ‘ರಸ್ತೆ ಏಕೆ ಹಾಳಾಯಿತು, ತಪ್ಪಿತಸ್ಥರು ಯಾರು’ ಎಂದು ಅರ್ಜಿ ಬರೆದರೆ ಉತ್ತರ ಸಿಗದು. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಕಾಯ್ದೆಯ ಕೆಲಸ. ಕೇಳಬೇಕಾದದ್ದು ಆ ಕಾಮಗಾರಿಯ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಯಾದ ಬಿಲ್ಲಿನ ದೃಢೀಕೃತ ನಕಲು. ಅಂದಾಜು ಪಟ್ಟಿಯಲ್ಲಿ ರಸ್ತೆಯ ಉದ್ದ, ಅಗಲ, ಕಾಂಕ್ರೀಟಿನ ದಪ್ಪ, ಕೆಳಗೆ ಹಾಸಬೇಕಾದ ಜಲ್ಲಿ ಎಲ್ಲವೂ ಬರೆದಿರುತ್ತದೆ. ಅಳತೆ ಪುಸ್ತಕ, ಅಂದರೆ ಗುತ್ತಿಗೆದಾರರೂ ಎಂಜಿನಿಯರುಗಳೂ ಎಂ.ಬಿ. ಎಂದು ಕರೆಯುವುದು, ಎಂಜಿನಿಯರ್ ಸ್ಥಳಕ್ಕೆ ಬಂದು ಅಳೆದು ಬರೆದ ದಾಖಲೆ. ಬಿಲ್ಲು ಪಾವತಿಯಾಗುವುದು ಅದರ ಆಧಾರದ ಮೇಲೆ. ಈ ಕಾಗದಗಳು ಕೈಗೆ ಬಂದ ಮೇಲೆ ಒಂದು ಟೇಪು ಹಿಡಿದು ರಸ್ತೆಗೆ ಇಳಿದರೆ ಸಾಕು. ಪುಸ್ತಕದಲ್ಲಿ 15 ಸೆಂಟಿಮೀಟರ್ ದಪ್ಪ ಎಂದಿದ್ದು, ಕಿತ್ತ ಅಂಚಿನಲ್ಲಿ 9 ಸೆಂಟಿಮೀಟರ್ ಕಂಡರೆ ಮಾತು ಅಲ್ಲಿಗೆ ಸ್ಪಷ್ಟ. ಕಾಮಗಾರಿಯನ್ನು ಸ್ವತಃ ಪರಿಶೀಲಿಸುವುದಕ್ಕೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದಕ್ಕೂ ಇದೇ ಕಾಯ್ದೆಯಲ್ಲಿ ಹಕ್ಕಿದೆ. ಬಹಳ ಅರ್ಜಿದಾರರು ನಕಲು ಪಡೆಯುವುದರಲ್ಲೇ ನಿಂತುಬಿಡುತ್ತಾರೆ, ಈ ಹಕ್ಕನ್ನು ಕೈಗೆತ್ತಿಕೊಳ್ಳುವುದಿಲ್ಲ.

ಹೀಗೆ ಸಿಕ್ಕಿದ ಕಾಗದ ಹಿಡಿದು ಮುಂದಿನ ಗ್ರಾಮಸಭೆಗೆ ಹೋದಾಗ ಮಾತಿನ ಧಾಟಿಯೇ ಬದಲಾಗುತ್ತದೆ. ‘ನೀವು ದುಡ್ಡು ತಿಂದಿದ್ದೀರಿ’ ಎಂಬ ಆರೋಪಕ್ಕೆ ಸದಸ್ಯರು ಜಗಳದಿಂದ ಉತ್ತರ ಕೊಡಬಲ್ಲರು. ಇಂಥ ದಿನಾಂಕದಂದು ಇಷ್ಟು ಉದ್ದಕ್ಕೆ ಬಿಲ್ಲಾಗಿದೆ, ಸ್ಥಳದಲ್ಲಿ ಇಷ್ಟೇ ಇದೆ ಎಂಬ ಮಾತಿಗೆ ಜಗಳದಿಂದ ಉತ್ತರ ಕೊಡಲಾಗದು.

ಪ್ರತಿನಿಧಿಯೇ ಇಲ್ಲದ ಹಂತ

ಗ್ರಾಮ ಪಂಚಾಯಿತಿಗೂ ವಿಧಾನಸಭೆಗೂ ನಡುವೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿವೆ. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರಿನ ದೊಡ್ಡ ಯೋಜನೆಗಳ ಹಣ ಹರಿಯುವುದು ಈ ಹಂತದಲ್ಲಿ. ಇವುಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಮುಂದೆ ಹೋಗುತ್ತಲೇ ಇದ್ದು, ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಅಷ್ಟೂ ಕಾಲ ಆಡಳಿತಾಧಿಕಾರಿಗಳೇ ಎಲ್ಲವನ್ನೂ ನೋಡಿಕೊಂಡರು. ಪ್ರತಿನಿಧಿ ಸರಿಯಿಲ್ಲದಿದ್ದರೆ ಕೇಳಬಹುದು, ಪ್ರತಿನಿಧಿಯೇ ಇಲ್ಲದಿದ್ದರೆ ಯಾರನ್ನು ಕೇಳುವುದು? ನಜೀರ್ ಸಾಬ್ ಕಟ್ಟಿದ ವ್ಯವಸ್ಥೆಗೆ ಅವರದೇ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಈ ವಿಷಯದಲ್ಲಿ ಎಲ್ಲ ಪಕ್ಷಗಳ ಶಾಸಕರನ್ನೂ ಮತದಾರರು ಪ್ರಶ್ನಿಸಬೇಕಿತ್ತು. ಆ ಪ್ರಶ್ನೆ ಬೀದಿಯಲ್ಲಿ ಹೆಚ್ಚು ಕೇಳಿಬರಲಿಲ್ಲ.

ಶಾಸಕರೂ ಸಂಸದರೂ

ಶಾಸಕರಿಗೆ ಎರಡು ಬಗೆಯ ಕೆಲಸವಿದೆ: ಕ್ಷೇತ್ರದ ಕೆಲಸ, ಸದನದ ಕೆಲಸ. ಮತದಾರರ ಕಣ್ಣು ಸಾಮಾನ್ಯವಾಗಿ ಮೊದಲನೆಯದರ ಮೇಲೆ ಮಾತ್ರ ಇರುತ್ತದೆ. ಮದುವೆಗೆ ಬಂದರೆ, ಸಾವಿಗೆ ಬಂದರೆ, ಗುದ್ದಲಿ ಪೂಜೆ ಮಾಡಿದರೆ ಒಳ್ಳೆಯ ಶಾಸಕರು. ಕರ್ನಾಟಕದಲ್ಲಿ ಪ್ರತಿ ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ವರ್ಷಕ್ಕೆ 2 ಕೋಟಿ ರೂಪಾಯಿಯ ಕಾಮಗಾರಿ ಸೂಚಿಸುವ ಅವಕಾಶವಿದೆ. ಸಂಸದರಿಗೆ 1993ರಲ್ಲಿ ಶುರುವಾದ ಇಂಥದೇ ಯೋಜನೆಯಲ್ಲಿ ವರ್ಷಕ್ಕೆ 5 ಕೋಟಿ. ಹಣ ಅವರ ಕೈಗೆ ಬರುವುದಿಲ್ಲ. ಅವರು ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಕಚೇರಿ ಮಂಜೂರು ಮಾಡುತ್ತದೆ. ಆದ್ದರಿಂದ ಯಾವ ಊರಿಗೆ ಯಾವ ಕೆಲಸ ಸೂಚಿಸಿದರು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಪಟ್ಟಿಯನ್ನು ಶಾಸಕರ ಕಚೇರಿಯ ಬದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಬೇಕು. ಐದು ವರ್ಷದ ಪಟ್ಟಿ ಒಟ್ಟಿಗೆ ಇಟ್ಟು ನೋಡಿದರೆ ಹಣ ಯಾವ ಕಡೆಗೆ ಹರಿದಿದೆ, ಯಾವ ಕೇರಿಯನ್ನು ಮರೆತಿದೆ ಎಂಬುದು ಭಾಷಣಗಳಿಗಿಂತ ಚೆನ್ನಾಗಿ ತಿಳಿಯುತ್ತದೆ.

ಸದನದ ಕೆಲಸಕ್ಕೂ ಲೆಕ್ಕವಿದೆ. ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಸದನದಲ್ಲಿ ನಿಂತು ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ ಬೇರೆ. ಆಲಂಬೂರು ಯೋಜನೆಯಲ್ಲಿ ಹರವೆ ಹೋಬಳಿಯ ಯಾವ ಯಾವ ಕೆರೆ ಸೇರಿವೆ, ಕಳೆದ ಮೂರು ವರ್ಷ ಪ್ರತಿ ಕೆರೆಗೆ ಎಷ್ಟು ದಿನ ನೀರು ಹರಿಸಲಾಯಿತು ಎಂಬ ಒಂದು ಲಿಖಿತ ಪ್ರಶ್ನೆಯನ್ನು ಅಧಿವೇಶನಕ್ಕೆ ಮುಂಚೆ ರೈತರೇ ಬರೆದು ಶಾಸಕರಿಗೆ ಕೊಡಬಹುದು. ಪ್ರಶ್ನೆಯ ಸೂಚನೆ ಕೆಲವು ವಾರ ಮೊದಲೇ ಹೋಗಬೇಕಾದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಇದು ಆಗಬೇಕು. ಉತ್ತರ ಬಂದರೆ ಅದು ಸಚಿವರು ಸದನಕ್ಕೆ ಕೊಟ್ಟ ಮಾತು. ಸದನದಲ್ಲಿ ಕೊಟ್ಟ ಭರವಸೆ ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯೇ ಇದೆ, ಸಾರ್ವಜನಿಕರ ಅಹವಾಲಿಗೆ ಅರ್ಜಿಗಳ ಸಮಿತಿ ಇದೆ. ನಾಗರಿಕರ ಅರ್ಜಿ ಅಲ್ಲಿಗೆ ತಲುಪಲು ಒಬ್ಬ ಸದಸ್ಯರ ಸಹಿ ಬೇಕು. ತಮ್ಮ ಶಾಸಕರು ಹಾಕದಿದ್ದರೆ ಬೇರೆ ಶಾಸಕರನ್ನು ಕೇಳಬಹುದು.

ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕೆಂದು 2005ರಲ್ಲಿ ಕರ್ನಾಟಕ ತನಗೆ ತಾನೇ ಕಾಯ್ದೆ ಮಾಡಿಕೊಂಡಿತು. ಆ ಗುರಿ ಮುಟ್ಟಿದ ವರ್ಷ ಅಪರೂಪ. ಸದನ ಸೇರಿದ ದಿನಗಳು ಕಡಿಮೆಯಾದಷ್ಟೂ ಹರವೆಯಂಥ ಹೋಬಳಿಯ ಪ್ರಶ್ನೆಗೆ ಸರದಿ ಸಿಗುವುದು ಕಷ್ಟ.

ಶಾಸಕರ ಅಧ್ಯಕ್ಷತೆಯಲ್ಲಿ ತಾಲ್ಲೂಕು ಮಟ್ಟದ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ತ್ರೈಮಾಸಿಕ ಸಭೆ, ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಕೆಡಿಪಿ ಸಭೆ, ಕೇಂದ್ರದ ಯೋಜನೆಗಳಿಗೆ ಸಂಸದರ ಅಧ್ಯಕ್ಷತೆಯ ‘ದಿಶಾ’ ಸಭೆ ನಡೆಯುತ್ತವೆ. ಅಲ್ಲಿ ಜನ ನೇರವಾಗಿ ಮಾತಾಡಲಾಗದು; ನಡಾವಳಿಯ ಪ್ರತಿ ಪಡೆಯಬಹುದು. ಒಂದು ಸಭೆಯಲ್ಲಿ ‘15 ದಿನದಲ್ಲಿ ಸರಿಪಡಿಸಿ’ ಎಂದು ಶಾಸಕರು ಗದರಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ಸಭೆಯ ನಡಾವಳಿ ನೋಡಿದರೆ ಅದೇ ವಿಷಯ ಮತ್ತೆ ಬಂದಿದೆಯೇ ಎಂಬುದು ಗೊತ್ತಾಗುತ್ತದೆ.

ಅಧಿಕಾರದಲ್ಲಿ ಇರುವವರು ಕಣ್ಣಿಗೇ ಬೀಳದಿದ್ದರೆ ಏನಾಗುತ್ತದೆಂದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆಯಿಂದ ಹಲವು ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದತ್ತ ತಲೆಹಾಕಲಿಲ್ಲ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲ್ ಅದನ್ನು ಉದ್ಘಾಟಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. 2013ರ ನಂತರ ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು ಆ ಭಯವನ್ನು ಮುರಿದರು. 2025ರ ಏಪ್ರಿಲ್ 24ರಂದು ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟ ಸಭೆಯೂ ನಡೆಯಿತು. ಸಂಪುಟ ಸಭೆಯ ಘೋಷಣೆಗಳ ಪಟ್ಟಿಯನ್ನು ಜಿಲ್ಲೆಯ ಜನ ಜೋಪಾನವಾಗಿ ಇಟ್ಟುಕೊಂಡು, ಒಂದೊಂದರ ಆದೇಶ ಸಂಖ್ಯೆ, ಬಿಡುಗಡೆಯಾದ ಹಣ ಕೇಳುತ್ತಾ ಹೋಗಬೇಕು.

ಲೋಕಾಯುಕ್ತ ಮತ್ತು ನ್ಯಾಯಾಲಯ

ಕೆಲಸ ಆಗಲಿಲ್ಲ ಎನ್ನುವುದು ಒಂದು, ಹಣ ಹೋಯಿತು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಲೋಕಾಯುಕ್ತ ಇದೆ. 1984ರ ಕಾಯ್ದೆಯಂತೆ ಶಾಸಕರು, ಸಚಿವರು ಮೊದಲಾದವರು ತಮ್ಮ ಮತ್ತು ಕುಟುಂಬದವರ ಆಸ್ತಿ ಹಾಗೂ ಸಾಲದ ವಿವರವನ್ನು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಸಲ್ಲಿಸಬೇಕು. ಸಲ್ಲಿಸದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಅವಕಾಶವೂ ಇದೆ. ಚುನಾವಣೆಗೆ ನಿಂತಾಗ ಕೊಟ್ಟ ಪ್ರಮಾಣಪತ್ರ ಒಂದು ಕಡೆ, ವರ್ಷ ವರ್ಷದ ಈ ವಿವರ ಇನ್ನೊಂದು ಕಡೆ ಇಟ್ಟು ನೋಡುವ ಅಭ್ಯಾಸ ಮತದಾರರಿಗೆ ಇಲ್ಲ. ಲೋಕಾಯುಕ್ತಕ್ಕೆ ಯಾರೂ ದೂರು ಕೊಡಬಹುದು. ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ಕೊಡಬೇಕು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆಯಿರುವುದರಿಂದ ಮೊದಲು ಮಾಹಿತಿ ಹಕ್ಕಿನಲ್ಲಿ ಕಾಗದ, ಆಮೇಲೆ ದೂರು ಎಂಬ ಕ್ರಮವೇ ಸುರಕ್ಷಿತ.

ಈ ಸಂಸ್ಥೆಯ ಬಲ ಏನೆಂಬುದನ್ನು ರಾಜ್ಯ 2011ರಲ್ಲಿ ಕಂಡಿತು. ಜುಲೈ 27ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು, ಜುಲೈ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ಬಲವನ್ನು ಮೊಟಕು ಮಾಡಿದ್ದನ್ನೂ ರಾಜ್ಯ ಕಂಡಿದೆ: 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ತನಿಖಾಧಿಕಾರ ಕಿತ್ತುಕೊಳ್ಳಲಾಯಿತು, 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನೇ ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಚಾಮರಾಜನಗರದ ಜನ ನ್ಯಾಯಾಲಯದ ಬೆಲೆಯನ್ನು ತಿಳಿದದ್ದು ದುಃಖದಲ್ಲಿ. 2021ರ ಮೇ 2ರ ರಾತ್ರಿ ಜಿಲ್ಲಾ ಕೋವಿಡ್ ಆಸ್ಪತ್ರೆಯಲ್ಲಿ ಆಮ್ಲಜನಕ ಬರಿದಾಯಿತು. ಒಂದು ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ಬಂತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಆಗಿನ ಆರೋಗ್ಯ ಸಚಿವರು ಹೇಳಿದರು. ಹೈಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿ ದಾಖಲೆಗಳನ್ನು ತರಿಸಿತು. ಆ ರಾತ್ರಿ ಆಮ್ಲಜನಕ ಇಲ್ಲದ್ದೇ ಸಾವುಗಳಿಗೆ ಕಾರಣವೆಂದು ಸಮಿತಿಯ ವರದಿ ಹೇಳಿತು. ಅಧಿಕಾರಸ್ಥರು ಹೇಳಿದ ಸಂಖ್ಯೆಯೇ ಕೊನೆಯ ಸತ್ಯವಾಗದಂತೆ ತಡೆದದ್ದು ಆ ವಿಚಾರಣೆ. ಸತ್ತವರ ಮನೆಯವರು ಪರಿಹಾರ, ಉದ್ಯೋಗಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾಯಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಬೀದಿ ಮತ್ತು ಬಹಿಷ್ಕಾರ

ಪ್ರತಿಭಟನೆ ಹಳೆಯ ದಾರಿ, ಇಂದಿಗೂ ಬೇಕಾದ ದಾರಿ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಹಸಿರು ಶಾಲು ಹೊದ್ದ ರೈತನಿಗೆ ಅಧಿಕಾರಿಯ ಮುಂದೆ ತಲೆಯೆತ್ತಿ ಮಾತಾಡುವುದನ್ನು ಕಲಿಸಿತು. ಊರ ಬಾಗಿಲಲ್ಲಿ ಫಲಕ ನೆಟ್ಟು, ಅನುಮತಿ ಇಲ್ಲದೆ ವಸೂಲಿಗೆ ಬರುವ ಅಧಿಕಾರಿಗಳಿಗೆ ಒಳಗೆ ಪ್ರವೇಶವಿಲ್ಲವೆಂದು ಸಾರಿದ ಕಾಲ ಅದು. ರೈತ ಸಂಘದ ಪರಂಪರೆ ಚಾಮರಾಜನಗರ ಜಿಲ್ಲೆಯಲ್ಲಿ ಈಗಲೂ ಜೀವಂತವಾಗಿದೆ. ಹೊಂಡರಬಾಳಿನಲ್ಲಿರುವ ಕೃಷಿ ಕೇಂದ್ರ ಅಮೃತಭೂಮಿ ಅದರ ಒಂದು ಕುರುಹು.

ಮತದಾನ ಬಹಿಷ್ಕಾರದ ಕತೆ ಬೇರೆ. ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತ ಗ್ರಾಮದವರು ರಸ್ತೆ, ನೀರು, ವಿದ್ಯುತ್ತಿಲ್ಲದೆ ಬೇಸತ್ತು 2024ರ ಲೋಕಸಭಾ ಚುನಾವಣೆಯಲ್ಲಿ ಓಟು ಹಾಕುವುದಿಲ್ಲ ಎಂದರು. ಏಪ್ರಿಲ್ 26ರಂದು ಗಲಾಟೆಯಾಗಿ ಮತಗಟ್ಟೆ, ಮತಯಂತ್ರಗಳು ಧ್ವಂಸವಾದವು. 29ರಂದು ಮರುಮತದಾನ ನಡೆಯಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಗಲಾಟೆಯ ಮರುದಿನ ಪತ್ರಿಕೆಗಳಲ್ಲಿ ರಸ್ತೆಯ ಮಾತು ಹಿಂದೆ ಸರಿದು ಪೊಲೀಸ್ ಪ್ರಕರಣದ ಮಾತು ಮುಂದೆ ಬಂತು, ಬಂಧನಕ್ಕೆ ಹೆದರಿ ಜನ ಊರು ಬಿಡಬೇಕಾಯಿತು. ಬಹಿಷ್ಕಾರದ ಬೆದರಿಕೆಗೆ ಚುನಾವಣೆಯ ಹಿಂದಿನ ವಾರ ತಹಶೀಲ್ದಾರರು ಓಡಿ ಬರುತ್ತಾರೆ, ಭರವಸೆ ಕೊಡುತ್ತಾರೆ. ಆ ಭರವಸೆಯನ್ನು ಬರಹದಲ್ಲಿ, ಸಹಿಯೊಂದಿಗೆ, ಕೆಲಸ ಮುಗಿಸುವ ತಿಂಗಳು ನಮೂದಿಸಿ ಪಡೆದ ಊರಿಗೆ ಮುಂದೆ ಹಿಡಿದು ಕೇಳಲು ಒಂದು ಆಧಾರ ಇರುತ್ತದೆ.

ಕೆಳಗಿಳಿಸುವ ಅಧಿಕಾರ

ಅವಧಿ ಮುಗಿಯುವ ಮುನ್ನ ಪ್ರತಿನಿಧಿಯನ್ನು ಕೆಳಗಿಳಿಸುವ ಅಧಿಕಾರ ಕರ್ನಾಟಕದ ಮತದಾರರ ಕೈಯಲ್ಲಿ ಇಲ್ಲ. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಅವಿಶ್ವಾಸ ನಿರ್ಣಯದಿಂದ ಇಳಿಸಬಹುದು. ಆದರೆ ಅದಕ್ಕೆ ಬೇಕಾದ ಮೂರನೇ ಎರಡರಷ್ಟು ಬಹುಮತ ಸದಸ್ಯರದ್ದು, ಊರವರದ್ದಲ್ಲ. ಅವಿಶ್ವಾಸಕ್ಕೆ ಮುನ್ನ ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ಯುವ ಚಾಳಿ ಈಗ ಹಳ್ಳಿಗೂ ಇಳಿದಿರುವುದು ಬೇಸರದ ಸಂಗತಿ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದ ಶಾಸಕರೂ ಸಂಸದರೂ ಕೂಡಲೇ ಸ್ಥಾನ ಕಳೆದುಕೊಳ್ಳುತ್ತಾರೆಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ಪಕ್ಷಾಂತರ ನಿಷೇಧ ಕಾನೂನಿನಡಿ 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರಲ್ಲಿ ಬಹುಮಂದಿ ಹೊಸ ಪಕ್ಷದಿಂದ ಗೆದ್ದು ಬಂದರು.

ಮತದಾರರೇ ಹಿಂದಕ್ಕೆ ಕರೆಯುವ ಹಕ್ಕನ್ನು ಸಂಸದರು, ಶಾಸಕರಿಗೆ ಅನ್ವಯಿಸಲು 1974ರಲ್ಲಿ ಲೋಕಸಭೆಯಲ್ಲಿ ಸಿ.ಕೆ. ಚಂದ್ರಪ್ಪನ್ ತಂದ ಮಸೂದೆ ಅಂಗೀಕಾರವಾಗಲಿಲ್ಲ. ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಕೆಲವು ರಾಜ್ಯಗಳು ಅದನ್ನು ತಂದಿವೆ. ಛತ್ತೀಸ್‌ಗಢದಲ್ಲಿ 2008ರಲ್ಲಿ ಮೂರು ಪಟ್ಟಣಗಳ ಅಧ್ಯಕ್ಷರನ್ನು ಜನ ಮತ ಹಾಕಿ ಇಳಿಸಿದರು. ಹರಿಯಾಣ 2020ರಲ್ಲಿ ಸರಪಂಚರಿಗೂ ಅದನ್ನು ಅನ್ವಯಿಸಿತು. ಕರ್ನಾಟಕದಲ್ಲಿ ಆಗಾಗ ಈ ಬೇಡಿಕೆ ಕೇಳಿಬರುತ್ತದೆ. ಆದರೆ ಆರಿಸಿದ ಆರೇ ತಿಂಗಳಿಗೆ ಸೋತವರ ಗುಂಪು ಸಹಿ ಸಂಗ್ರಹಕ್ಕೆ ಇಳಿದು, ಪ್ರತಿ ಪಂಚಾಯಿತಿಯೂ ಜಾತಿ, ಪಕ್ಷಗಳ ಜಗಳದ ಕಣವಾಗುವ ಭಯ ಸುಳ್ಳಲ್ಲ. ಅಂಥ ಕಾಯ್ದೆ ಬಂದರೂ ಹರಿಯಾಣದಲ್ಲಿ ಮಾಡಿರುವಂತೆ ಮೊದಲ ಒಂದು ವರ್ಷ ಅದನ್ನು ಬಳಸದಂತೆ ತಡೆಯಿಡುವುದು ಅಗತ್ಯ.